ನರ್ಸಕ್ಕ ಹಾಕಿದ ಎಂಟು

ಮೊನ್ನೆ ಕಲ್ಲಡ್ಕದಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, "ಮಾಷ್ಟ್ರೇ, ನಮ್ಮ ನರ್ಸಕ್ಕ ತೀರಿಕೊಂಡ್ರಂತೆ" ಎಂದ. ಯಾವ ನರ್ಸಕ್ಕ ಎಂದು ನಾನು ಕೇಳಲಿಲ್ಲ. ಆ ಊರಿನಲ್ಲಿ ಅವರಾದ ಮೇಲೆ ಎಷ್ಟೋ ಜನ ನರ್ಸುಗಳು ಬಂದು ಹೋದರು. ಅವರಿಗೆಲ್ಲ ಹೆಸರುಗಳಿದ್ದವು. ನರ್ಸಕ್ಕ ಎಂದರೆ ಮಾತ್ರ ಇವರೊಬ್ಬರೇ. ರೇಷನ್ ಅಂಗಡಿಯವನೂ, ಪೋಸ್ಟಿನವನೂ, ಶಾಲೆಯ ಮಕ್ಕಳೂ, ಮಕ್ಕಳ ಅಜ್ಜಿಯಂದಿರೂ ಹಾಗೆಯೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ನನಗೆ ಗೊತ್ತು. ಆದರೆ ಅದನ್ನಿಲ್ಲಿ ಬರೆದರೆ ಬೇರೆ ಯಾರ ಬಗ್ಗೆಯೋ ಬರೆದಂತೆ ಆಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಹೊಸದಾಗಿ ಮಾಷ್ಟ್ರಾಗಿ ಆ ಊರಿಗೆ ಹೋದೆ. ಕಲ್ಲಡ್ಕದಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ಗುಡ್ಡ ಹತ್ತಿ ಇಳಿದರೆ ಶಾಲೆ. ಶಾಲೆಯ ಪಕ್ಕದಲ್ಲೇ ಸರಕಾರದ ಆರೋಗ್ಯ ಉಪಕೇಂದ್ರ. ಅದರ ಮುಂದಿನ ಕೋಣೆಯಲ್ಲಿ ಮದ್ದು, ಹಿಂದಿನ ಕೋಣೆಯಲ್ಲಿ ನರ್ಸಕ್ಕನ ವಾಸ. ನನಗೆ ಸಿಕ್ಕಿದ ಬಾಡಿಗೆ ಬಿಡಾರಕ್ಕೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಟ್ರಂಕು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಬಾಗಿಲು ತುಂಬುವಂತೆ ಒಬ್ಬ ಹೆಂಗಸು ಬಂದು ನಿಂತರು. ಎತ್ತರದ ಆಳು, ಅಗಲ ಭುಜ, ಕಂಕುಳಲ್ಲಿ ಕೊಡೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅವರು ಆಡಿದ ಮೊದಲ ಮಾತು, "ಹುಳದ ಮದ್ದು ತಕೊಂಡು ಎಷ್ಟು ಸಮಯ ಆಯ್ತು ಮಾಷ್ಟ್ರೇ?"

ನಾನು ಉತ್ತರಿಸುವ ಮೊದಲೇ ಮಾತ್ರೆ ನನ್ನ ಅಂಗೈಯಲ್ಲಿತ್ತು.

ಅವರ ದನಿ ದೊಡ್ಡದು. ಗುಟ್ಟು ಹೇಳಬೇಕಾದಾಗಲೂ ಅದು ಸಣ್ಣದಾಗುತ್ತಿರಲಿಲ್ಲ. ಹಾಗಾಗಿ ಊರಿನ ಗರ್ಭಿಣಿಯರ ತಿಂಗಳ ಲೆಕ್ಕ ಇಡೀ ಊರಿಗೆ ಗೊತ್ತಿರುತ್ತಿತ್ತು. ಹೆರಿಗೆಯ ಮನೆಯಲ್ಲಿ ಅವರು ಬೈಯುವುದನ್ನು ಕೇಳಿ ಹೊರಗೆ ನಿಂತ ಗಂಡಂದಿರು ಬೆವರುತ್ತಿದ್ದರಂತೆ. ಕುಟುಂಬ ಯೋಜನೆಯ ಕಾಲ ಬೇರೆ. ಮೂರನೆಯ ಮಗುವಿನ ಅಪ್ಪಂದಿರು ಎದುರಿನಿಂದ ಅವರ ಕೊಡೆ ಕಂಡರೆ ಸಾಕು, ದಾರಿ ಬಿಟ್ಟು ಗದ್ದೆಗೆ ಇಳಿಯುತ್ತಿದ್ದರು. "ಓಡು, ಓಡು, ಮನೆಗೆ ಬಾರದೆ ಎಲ್ಲಿಗೆ ಹೋಗ್ತೀಯ" ಎಂದು ಅವರು ದಾರಿಯಿಂದಲೇ ಕೂಗುತ್ತಿದ್ದರು. ಆದರೆ ಅದೇ ಮನೆಯ ಬಾಣಂತಿಗೆ ಕಾಳುಮೆಣಸಿನ ಸಾರು ಮಾಡಿಕೊಡಲು ಯಾರೂ ಇಲ್ಲವೆಂದು ತಿಳಿದರೆ ತಾವೇ ಒಲೆಯ ಮುಂದೆ ಕುಳಿತು ಮಾಡಿಕೊಡುತ್ತಿದ್ದರು. ಆ ಸಾರು ಬಾಯಿಗೆ ಇಡಲಾಗದಷ್ಟು ಖಾರವಾಗಿರುತ್ತಿತ್ತು ಎನ್ನುವುದು ಬೇರೆ ಮಾತು.

ಅವರು ನೋಡಿಕೊಳ್ಳಬೇಕಾಗಿದ್ದ ಮನೆಗಳು ಗುಡ್ಡದ ಈಚೆಗೂ ಆಚೆಗೂ ಚದುರಿದ್ದವು. ಬಸ್ಸು ಬರುವ ದಾರಿ ಒಂದೇ. ಉಳಿದದ್ದೆಲ್ಲ ನಡಿಗೆ. ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಸಮಯಕ್ಕೆ ಒಂದು ಬೆಳಿಗ್ಗೆ ಬಸ್ಸಿನ ಮೇಲಿನಿಂದ ಹಗ್ಗ ಕಟ್ಟಿ ಒಂದು ಮೊಪೆಡ್ ಇಳಿಸಿದರು. ನೀಲಿ ಬಣ್ಣ, ಸೈಕಲ್ಲಿನ ಹಾಗೆ ಪೆಡಲು, ಸಣ್ಣ ಎಂಜಿನು. ಯಾರದ್ದೆಂದು ನೋಡುತ್ತಿದ್ದಾಗ ನರ್ಸಕ್ಕ ಬಸ್ಸಿನ ಮುಂಬಾಗಿಲಿನಿಂದ ಇಳಿದು, "ನನ್ನದೇ. ಎಂತ ಬಾಯಿ ಬಿಟ್ಟು ನೋಡ್ತೀರಿ? ಹಿಡೀರಿ ಒಂದು ಕಡೆ" ಎಂದರು.

"ನರ್ಸಕ್ಕ, ನಿಮಗೆ ಸೈಕಲ್ ಬರ್ತದಾ?"

"ಇಲ್ಲ."

"ಮತ್ತೆ ಇದು?"

"ನೀವು ಕಲಿಸ್ತೀರಿ."

ಅದು ಕೇಳಿದ್ದೂ ಅಲ್ಲ, ಆಜ್ಞೆಯೂ ಅಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು. ಮೊಪೆಡ್ ಎಂದರೆ ಹೆಸರಿಗೆ ಹಗುರ ಮೋಟಾರ್ ಸೈಕಲ್. ಅದಕ್ಕೂ ಲೈಸೆನ್ಸು ಬೇಕು. ನನಗೂ ಬರುತ್ತಿದ್ದದ್ದು ಸೈಕಲ್ಲು ಮಾತ್ರ, ನನಗೂ ಒಂದು ಇರಲಿ ಎಂದುಕೊಂಡು ಇಬ್ಬರೂ ಒಟ್ಟಿಗೇ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡೆವು. ಮೊಪೆಡ್ಡಿನ ಮುಂದೊಂದು, ಹಿಂದೊಂದು ಕೆಂಪು ಬಣ್ಣದ ಎಲ್ ಅಕ್ಷರ ಬರೆದು ಅಂಟಿಸಿದ್ದೂ ಆಯಿತು.

ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ತರಬೇತಿ. ನರ್ಸಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಎಂಜಿನು ಶುರುವಾಗಬೇಕಾದರೆ ಮೊದಲು ಪೆಡಲು ತುಳಿಯಬೇಕು. ತುಳಿಯುವಾಗ ಅವರ ಬಾಯಿಗೆ ತನ್ನಿಂದ ತಾನೇ ಹೆರಿಗೆ ಕೋಣೆಯ ಮಾತು ಬರುತ್ತಿತ್ತು. "ಜೋರು ಮಾಡು, ಜೋರು ಮಾಡು. ಉಸಿರು ಬಿಡಬೇಡ. ಹಾಂ, ಇನ್ನೊಂದು ಸಲ. ಬಂತು, ಬಂತು!" ಎಂಜಿನು ಕೆಮ್ಮಿ ಸದ್ದು ಮಾಡಿತೆಂದರೆ, "ಅತ್ತಿತು!" ಎಂದು ಸಂತೋಷದಿಂದ ನನ್ನ ಕಡೆ ತಿರುಗುತ್ತಿದ್ದರು. ತಿರುಗಿದ ಕೂಡಲೇ ಗಾಡಿಯೂ ಅತ್ತ ತಿರುಗುತ್ತಿತ್ತು. ನಾನು ಹಿಂದಿನ ಕ್ಯಾರಿಯರು ಹಿಡಿದುಕೊಂಡು ಓಡುತ್ತಿದ್ದೆ. ಮಕ್ಕಳು ಮನೆಗೆ ಹೋಗುವುದನ್ನು ಬಿಟ್ಟು ಜಗಲಿಯ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದರು. ತರಗತಿಯಲ್ಲಿ ನಾನೆಷ್ಟು ಗದರಿದರೂ ಮಾರನೆಯ ದಿನ ಅವರ ಮುಖದಲ್ಲಿ ಆ ಓಟದ ನಗು ಉಳಿದಿರುತ್ತಿತ್ತು.

"ಮಾಷ್ಟ್ರೇ, ಬಿಡಬೇಡಿ!"

"ಬಿಡುವುದಿಲ್ಲ ನರ್ಸಕ್ಕ!"

ಬಿಡದಿದ್ದರೆ ಕಲಿಯುವುದು ಹೇಗೆ? ಒಂದು ದಿನ ಬಿಟ್ಟೆ. ಅವರು ನೆಟ್ಟಗೆ ಹೋದರು. ತುಂಬ ನೆಟ್ಟಗೆ. ಮೈದಾನ ಮುಗಿದರೂ ತಿರುಗದೆ ಹೆಡ್ಮಾಷ್ಟ್ರ ಬಸಳೆ ಚಪ್ಪರದೊಳಗೆ ಹೋಗಿ ನಿಂತರು. ನಾವು ಓಡಿ ಹೋಗಿ ನೋಡಿದರೆ ತಲೆ, ಭುಜ, ಹ್ಯಾಂಡಲ್ಲಿನ ಮೇಲೆಲ್ಲ ಬಸಳೆ ಬಳ್ಳಿ. ನರ್ಸಕ್ಕ ಗಾಡಿಯಿಂದ ಇಳಿಯದೆ, "ಬ್ರೇಕು ಎಲ್ಲಿ ಅಂತ ಈಗ ನೆನಪಾಯ್ತು" ಎಂದರು. ಆ ಸಂಜೆ ಹೆಡ್ಮಾಷ್ಟ್ರ ಮನೆಯಲ್ಲೂ ನಮ್ಮಿಬ್ಬರ ಮನೆಯಲ್ಲೂ ಬಸಳೆ ಪದಾರ್ಥ.

ಆಗ ನಮ್ಮಲ್ಲಿ ಲೈಸೆನ್ಸು ಕೊಡುವ ಅಧಿಕಾರಿಗೆ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಹೆಸರು. ಅವರು ಒಂದೊಂದು ಸಲ ಒಂದೊಂದು ಊರಿಗೆ ಬಂದು ಕ್ಯಾಂಪು ಹಾಕುತ್ತಿದ್ದರು. ಮೈದಾನದಲ್ಲಿ ಮೇಜು, ಕುರ್ಚಿ. ಸುತ್ತ ಲಾರಿ, ಜೀಪು, ಸ್ಕೂಟರು. ಲೈಸೆನ್ಸಿಗೆ ಬಂದವರಿಗಿಂತ ಹೆಚ್ಚು ನೋಡಲು ಬಂದವರು. ನಮ್ಮ ಮೊದಲ ಪರೀಕ್ಷೆ ಬಂಟ್ವಾಳದ ಕ್ಯಾಂಪಿನಲ್ಲಿ. ಇನ್‌ಸ್ಪೆಕ್ಟರು ಹುಬ್ಬಳ್ಳಿ ಕಡೆಯವರು. ದಪ್ಪ ಮೀಸೆ, ಮೃದು ಮನಸ್ಸು. ಹೆಂಗಸರು ಬಿಸಿಲಲ್ಲಿ ಕಾಯಬಾರದೆಂದು ನರ್ಸಕ್ಕನನ್ನೇ ಮೊದಲು ಕರೆದರು. ಇಡೀ ಮೈದಾನದಲ್ಲಿ ಪರೀಕ್ಷೆಗೆ ಬಂದ ಹೆಂಗಸು ಅವರೊಬ್ಬರೇ. ಜನ ಒತ್ತರಿಸಿಕೊಂಡು ಮುಂದೆ ಬಂದರು.

"ಹೋಗ್ರಿ ಅಮ್ಮಾರ, ಆ ಎರಡು ಕಲ್ಲು ಕಾಣ್ತಾವಲ್ರಿ, ಅಲ್ಲಿ ಒಂದು ಎಂಟು ಹಾಕ್ರಿ" ಎಂದರು ಇನ್‌ಸ್ಪೆಕ್ಟರು.

ನರ್ಸಕ್ಕ ಹೊರಟರು. ಎಂಜಿನು ಒಂದೇ ಸಲಕ್ಕೆ ಅತ್ತಿತು. ಮೊದಲ ಕಲ್ಲಿನ ಪಕ್ಕದಿಂದ ಮೇಲಕ್ಕೆ ಹೋದರು, ಎರಡನೆಯ ಕಲ್ಲನ್ನು ಚೆಂದದಲ್ಲಿ ಸುತ್ತಿದರು, ಇನ್ನೊಂದು ಪಕ್ಕದಿಂದ ಕೆಳಗಿಳಿದರು, ಕೊನೆಗೆ ಗಾಡಿಯನ್ನು ಹೊರಕ್ಕೆ ಸ್ವಲ್ಪ ಬಾಗಿಸಿ, ಜನರನ್ನು ಸರಿಸಿಕೊಂಡು ಮೈದಾನದಿಂದಲೇ ಆಚೆ ಹೋಗಿ ನಿಲ್ಲಿಸಿದರು. ಮುಖದಲ್ಲಿ ಗೆದ್ದ ಕಳೆ.

"ಏನ್ರೀ ಅಮ್ಮಾರ, ಎಂಟು ಹಾಕ್ರಿ ಅಂದ್ರ ಎಲ್ಲಿಗೆ ಹೊಂಟ್ರಿ?"

"ಹಾಕಿದೆ ಅಲ್ವಾ ಸಾರ್!"

"ಇದ್ಯಾವ ಎಂಟ್ರೀ?"

"ಕನ್ನಡದ ಎಂಟು" ಎಂದರು ನರ್ಸಕ್ಕ. "ಯಾವ ಎಂಟು ಅಂತ ನೀವು ಹೇಳ್ಲಿಲ್ಲ."

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಟು ಹಾಕಬೇಕೆಂದು ನಾನು ಅವರಿಗೆ ಹೇಳಿದ್ದೆ. ಹಾಕಿ ತೋರಿಸಲು ಹೋದಾಗ, "ಎಂಟು ನನಗೆ ಗೊತ್ತಿಲ್ವಾ? ಶಾಲೆಗೆ ಹೋದವಳೇ ನಾನೂ" ಎಂದು ಬಾಯಿ ಮುಚ್ಚಿಸಿದ್ದರು. ಕನ್ನಡದ ಎಂಟು ನಿಮಗೆ ಗೊತ್ತು. ಎಲ್ಲಿಯೂ ತನ್ನನ್ನು ತಾನು ದಾಟದೆ, ಶುರುವಾದದ್ದು ಒಂದು ಕಡೆ, ಮುಗಿದದ್ದು ಇನ್ನೊಂದು ಕಡೆ. ಅದನ್ನು ನರ್ಸಕ್ಕ ಬಾಲದ ಸಮೇತ ಬರೆದಿದ್ದರು. ಇನ್‌ಸ್ಪೆಕ್ಟರು ಎದ್ದು ಬಂದು ಕೋಲಿನಿಂದ ನೆಲದ ಮೇಲೆ ಇಂಗ್ಲಿಷಿನ ಎಂಟು ಬರೆದು ತೋರಿಸಿದರು. ಮೀಸೆಯ ಕೆಳಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಷರ ಭಾಳ ದುಂಡಗ ಐತ್ರಿ. ಆದ್ರ ನಮ್ಮ ಪರೀಕ್ಷೆಗೆ ಈ ಎಂಟು ಬೇಕ್ರಿ. ಕಲತು ಬರ್ರಿ" ಎಂದು ನಾಪಾಸು ಮಾಡಿದರು.

ಅವರ ನಂತರ ನಾನು ಅದೇ ಗಾಡಿಯಲ್ಲಿ ಹೋಗಿ ಇಂಗ್ಲಿಷಿನ ಎಂಟು ಹಾಕಿ ಪಾಸಾದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ನರ್ಸಕ್ಕನ ಸುತ್ತ ನಿಂತಿದ್ದರು. "ಕನ್ನಡ ರಾಜ್ಯದಲ್ಲಿ ಕನ್ನಡದ ಎಂಟಿಗೆ ಬೆಲೆ ಇಲ್ಲ ಮಾರಾಯ್ರೆ" ಎಂದು ಅವರು ಭಾಷಣ ಮಾಡುತ್ತಿದ್ದರು.

ಬಂಟ್ವಾಳದಿಂದ ಬಂದ ಸಂಜೆ ಅವರು ಎಂದಿನಂತಿರಲಿಲ್ಲ. ಉಪಕೇಂದ್ರದ ಮೆಟ್ಟಿಲ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದರು. ಇಷ್ಟು ಹಟ ಯಾಕೆ, ಕಲಿತರಾಯಿತಲ್ಲ ನಿಧಾನಕ್ಕೆ ಎಂದು ನಾನು ಸಮಾಧಾನ ಹೇಳಹೋದೆ.

"ನಿಧಾನ ಆಗಿಯೇ ಆದದ್ದು ಮಾಷ್ಟ್ರೇ" ಎಂದರು. ಆಮೇಲೆ ಹೇಳಿದರು. ಹಿಂದಿನ ವರ್ಷ ಗುಡ್ಡದ ಆಚೆಯ ಒಂದು ಮನೆಯಿಂದ ಮಧ್ಯಾಹ್ನ ಕರೆ ಬಂದಿತ್ತು. ನಡೆದು, ಓಡಿ, ಮತ್ತೆ ನಡೆದು ಹೋದರು. ಮುಟ್ಟುವಾಗ ಮಗು ಹುಟ್ಟಿತ್ತು, ಉಸಿರಿರಲಿಲ್ಲ. ಸ್ವಲ್ಪ ಮೊದಲು ಹೋಗಿದ್ದರೆ ಉಳಿಯುತ್ತಿತ್ತು ಎಂದು ಅವರಿಗೆ ನೋಡಿದ ಕೂಡಲೇ ಗೊತ್ತಾಯಿತು. "ಹೆತ್ತ ಹುಡುಗಿ ನನಗೆ ಬೈಲಿಲ್ಲ. ನನ್ನ ಕಾಲು ನೋಡಿದಳು, ಮೊಣಕಾಲಿನವರೆಗೆ ಧೂಳು. 'ನಡ್ಕೊಂಡೇ ಬಂದ್ರಾ ಅಕ್ಕ, ಕೂತುಕೊಳ್ಳಿ' ಅಂದಳು. ಬೈದಿದ್ದರೆ ಒಳ್ಳೇದಿತ್ತು ನನಗೆ."

ಅಷ್ಟು ಹೇಳಿ ಎದ್ದರು. "ನಾಳೆಯಿಂದ ಇಂಗ್ಲಿಷ್ ಎಂಟು. ಸುಣ್ಣದಲ್ಲಿ ಗೆರೆ ಹಾಕಿ ಇಡಿ" ಎಂದು ಒಳಗೆ ಹೋದರು. ಆ ವಿಷಯವನ್ನು ಮತ್ತೆಂದೂ ಅವರ ಬಾಯಿಂದ ನಾನು ಕೇಳಲಿಲ್ಲ.

ನಾನು ಪಾಸಾದದ್ದರಿಂದ ನನಗೊಂದು ಹೊಸ ಕಷ್ಟ ಶುರುವಾಯಿತು. ಕಲಿಯುವವರು ಗಾಡಿ ಬಿಡುವಾಗ ಲೈಸೆನ್ಸು ಇದ್ದವರು ಹಿಂದೆ ಕುಳಿತಿರಬೇಕು ಎಂಬ ಕಾನೂನು ಉಂಟೆಂದು ನರ್ಸಕ್ಕ ಹೇಳಿದರು. ಎಲ್ಲಿ ಉಂಟೆಂದು ಕೇಳುವ ಧೈರ್ಯ ನನಗಿರಲಿಲ್ಲ. ರಜೆಯ ದಿನ ಅವರು ಮನೆ ಭೇಟಿಗೆ ಹೊರಟರೆ ಮುಂದೆ ಸೆರಗು ಬಿಗಿದ ನರ್ಸಕ್ಕ, ಹಿಂದೆ ಕ್ಯಾರಿಯರಿನ ಮೇಲೆ ಮದ್ದಿನ ಚೀಲ ತಬ್ಬಿಕೊಂಡ ನಾನು. ಗಂಡಸರು ಮುಂದೆ, ಹೆಂಗಸರು ಹಿಂದೆ ಅಡ್ಡಕ್ಕೆ ಕುಳಿತು ಹೋಗುವುದನ್ನು ಮಾತ್ರ ಕಂಡಿದ್ದ ಊರು ಅದು. ಕಲ್ಲಡ್ಕದ ಹೋಟೆಲಿನಲ್ಲಿ ನಾನು ಹೋಗಿ ಕುಳಿತರೆ ಯಾರಾದರೊಬ್ಬರು, "ಇವತ್ತು ಮಾಷ್ಟ್ರನ್ನು ಎಲ್ಲಿ ಇಳಿಸಿ ಹೋದ್ರು ನರ್ಸಕ್ಕ?" ಎಂದು ಕೇಳುತ್ತಿದ್ದರು. ಏರಿನಲ್ಲಿ ಗಾಡಿ ಇಬ್ಬರನ್ನು ಎಳೆಯುತ್ತಿರಲಿಲ್ಲ. "ಇಳೀರಿ ಮಾಷ್ಟ್ರೇ" ಎನ್ನುತ್ತಿದ್ದರು. ನಾನು ಇಳಿದು ಗುಡ್ಡ ಹತ್ತಬೇಕು. ಮೇಲೆ ಕಾಯುತ್ತ ನಿಂತ ಅವರು, "ನಿಮ್ಮ ಉಸಿರಾಟ ಸರಿ ಇಲ್ಲ. ಬೆಳಿಗ್ಗೆ ನಡೀಬೇಕು ನೀವು" ಎಂದು ಬುದ್ಧಿ ಹೇಳುತ್ತಿದ್ದರು.

ಮುಂದಿನ ಕ್ಯಾಂಪು ಬೆಳ್ತಂಗಡಿಯಲ್ಲಿ. ಮಡಂತ್ಯಾರು, ಗುರುವಾಯನಕೆರೆ ದಾರಿಯಾಗಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಇನ್‌ಸ್ಪೆಕ್ಟರು ಅವರೇ. ನರ್ಸಕ್ಕನನ್ನು ಕಂಡದ್ದೇ, "ಬಂದ್ರೇನ್ರಿ ಕನ್ನಡದ ಅಮ್ಮಾರು!" ಎಂದರು. ಈ ಸಲ ನನಗೆ ಹೆದರಿಕೆ ಇರಲಿಲ್ಲ. ಸುಣ್ಣದ ಗೆರೆಯ ಮೇಲೆ ಅವರು ಎಷ್ಟು ಸುತ್ತು ಹಾಕಿದ್ದರೆಂದರೆ ಶಾಲೆಯ ಮೈದಾನದಲ್ಲಿ ಹುಲ್ಲು ಹುಟ್ಟುವುದು ನಿಂತಿತ್ತು.

ಎಂಟಿನ ಮೊದಲ ಸೊನ್ನೆ ಚೆನ್ನಾಗಿ ಬಂತು. ನಡುವೆ ದಾಟಿದರು. ಎರಡನೆಯ ಸೊನ್ನೆಯ ಅರ್ಧಕ್ಕೆ ಬಂದಾಗ ಗಾಡಿ ಗಕ್ಕನೆ ನಿಂತಿತು. ನರ್ಸಕ್ಕ ಅದನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನನ್ನು ಹಾಗೆಯೇ ಬಿಟ್ಟು, ನೋಡುವವರ ಗುಂಪಿನ ಕಡೆ ದಾಪುಗಾಲು ಹಾಕಿದರು. ಅಲ್ಲಿ ಒಬ್ಬ ತುಂಬು ಬಸುರಿ ಬಿಸಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಗಂಡ, ಅವನೂ ಸ್ಕೂಟರಿನ ಪರೀಕ್ಷೆಗೆ ಬಂದವನು.

"ಇವಳ ಕಾಲು ಬಾತದ್ದು ಕಾಣುವುದಿಲ್ವಾ ನಿನಗೆ? ಮುಖ ನೋಡು, ಮುಖವೂ ಬಾತಿದೆ. ತಲೆನೋವು ಉಂಟಾ ಮಗಾ?"

ಆ ಹುಡುಗಿ ತಲೆಯಾಡಿಸಿದಳು. "ಎರಡು ದಿನದಿಂದ ಉಂಟು. ಕಣ್ಣು ಮಂಜು ಮಂಜು ಆಗ್ತದೆ."

"ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದು ಗಂಡನಿಗೆ ಹೇಳಿದರು.

"ನನ್ನ ನಂಬರು ಈಗ ಬರ್ತದೆ ಅಕ್ಕ. ಮುಗಿಸಿ ಹೋಗ್ತೇನೆ."

"ಲೈಸೆನ್ಸು ಮುಂದಿನ ತಿಂಗಳು ಸಿಗ್ತದೆ. ಇವಳು ಸಿಗುವುದಿಲ್ಲ. ನಡಿ!"

ಅತ್ತ ಇನ್‌ಸ್ಪೆಕ್ಟರು, "ಅಮ್ಮಾರ, ಗಾಡಿ ನಡುವ ನಿಂತೈತ್ರೀ!" ಎಂದು ಕೂಗುತ್ತಿದ್ದರು. "ಒಂದು ನಿಮಿಷ ನಿಲ್ಲಿ ಸಾರ್" ಎಂದು ನರ್ಸಕ್ಕ ತಿರುಗದೆಯೇ ಹೇಳಿದರು. ರಿಕ್ಷಾ ಕರೆಸಿ, ಗಂಡಹೆಂಡಿರನ್ನು ಹತ್ತಿಸಿ, ಆಸ್ಪತ್ರೆಯಲ್ಲಿ ಏನು ಹೇಳಬೇಕೆಂದು ಎರಡು ಸಲ ಬಾಯಿಪಾಠ ಮಾಡಿಸಿ ಕಳಿಸಿದ ಮೇಲೆ ಬಂದು ಗಾಡಿ ಹತ್ತಿದರು.

"ಈಗ ಉಳಿದ ಅರ್ಧ ಹಾಕ್ತೇನೆ."

ಇನ್‌ಸ್ಪೆಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ನಡುವ ಕಾಲು ನೆಲಕ್ಕಿಟ್ರ ನಾಪಾಸು ಅಂತ ರೂಲು ಐತ್ರೀ. ನೀವು ಕಾಲಿಟ್ಟದ್ದಲ್ಲ, ಊರೆಲ್ಲ ತಿರುಗಿ ಬಂದ್ರಿ. ನೀವೂ ಫೇಲು, ಆ ಹುಡುಗನೂ ಫೇಲು. ಒಬ್ಬಾಕಿ ಇಬ್ಬರನ್ನ ಫೇಲ್ ಮಾಡಿಸಿದ್ದು ನನ್ನ ಸರ್ವೀಸಿನಾಗ ಇದ ಮೊದಲು." ಹಾಗೆ ಹೇಳಿದರೂ ನಾವು ಹೊರಡುವಾಗ ತಮಗೆ ತರಿಸಿದ್ದ ಎಳನೀರನ್ನು ನರ್ಸಕ್ಕನ ಕೈಗೆ ಕೊಟ್ಟರು. ಬರುವ ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಕೇಳಿದೆವು. ಆ ಹುಡುಗಿಯನ್ನು ಒಳಗೆ ಮಲಗಿಸಿದ್ದರು. ಸ್ವಲ್ಪ ತಡವಾಗಿದ್ದರೂ ಫಿಟ್ಸ್ ಬರುತ್ತಿತ್ತೆಂದು ಡಾಕ್ಟರು ಹೇಳಿದರು. ನರ್ಸಕ್ಕ ಅವತ್ತು ಗುರುವಾಯನಕೆರೆಯ ಇಳಿಜಾರಿನಲ್ಲಿ ಹಾಡು ಗುನುಗಿದರು. ನಾಪಾಸಾದದ್ದು ಅವರಿಗೆ ಮರೆತೇ ಹೋದಂತಿತ್ತು.

ಆದರೆ ಕಲಿಯುವವರ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಇನ್ನು ಉಳಿದದ್ದು ಮೂಡಬಿದ್ರಿಯ ಕ್ಯಾಂಪು ಮಾತ್ರ. ಆ ಹೆಸರು ಹೇಳಿದರೆ ನರ್ಸಕ್ಕ, "ಅಲ್ಲಿಗೆ ಬೇಡ" ಎಂದು ಮಾತು ಮುಗಿಸುತ್ತಿದ್ದರು.

ಕಾರಣ ನನಗೆ ಅರ್ಧ ಗೊತ್ತಿತ್ತು. ಅವರ ತವರು ಮೂಡಬಿದ್ರಿಯ ಹತ್ತಿರ ತೋಡಾರು. ದೊಡ್ಡ ಮನೆತನ, ಬೇಕಾದಷ್ಟು ಗದ್ದೆ. ಸಣ್ಣ ಪ್ರಾಯದಲ್ಲೇ ಮದುವೆಯಾಗಿ, ಆ ಮದುವೆ ಸರಿಹೋಗದೆ ತಿರುಗಿ ಬಂದವರು. ಮನೆಯ ಯಜಮಾನ ಅವರ ಅಣ್ಣ. ಗಂಡನ ಮನೆಗೇ ಮರಳಿ ಹೋಗು ಎಂದು ಅಣ್ಣ. ಹೋಗುವುದಿಲ್ಲ, ಮಂಗಳೂರಿಗೆ ನರ್ಸು ಕಲಿಯಲು ಹೋಗುತ್ತೇನೆ ಎಂದು ತಂಗಿ. "ಊರವರ ಹೆರಿಗೆ ಮಾಡ್ಲಿಕ್ಕೆ ನಮ್ಮ ಮನೆಯ ಹೆಣ್ಣೇ ಆಗಬೇಕಾ?" ಎಂದಿದ್ದರಂತೆ ಅಣ್ಣ. ಅಂದಿನಿಂದ ಇವರು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ, ಅವರು ಕರೆದಿರಲಿಲ್ಲ. ಹಾಗೆಂದು ಸಂಬಂಧ ಪೂರ್ತಿ ಕಡಿದಿರಲೂ ಇಲ್ಲ. ಕೊಯ್ಲು ಮುಗಿದು ಸ್ವಲ್ಪ ಸಮಯಕ್ಕೆ ಬಸ್ಸಿನ ಕಂಡಕ್ಟರು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಕುಚ್ಚಲಕ್ಕಿಯ ಒಂದು ಮುಡಿಯನ್ನು ಉಪಕೇಂದ್ರದ ಜಗಲಿಯಲ್ಲಿ ಇಳಿಸಿ ಹೋಗುತ್ತಿದ್ದ. ಯಾರು ಕಳಿಸಿದ್ದೆಂದು ಅವನು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ. "ಮಾತಾಡ್ಲಿಕ್ಕೆ ಬಾಯಿಲ್ಲ, ಅಕ್ಕಿ ಕಳಿಸ್ಲಿಕ್ಕೆ ಕೈ ಉಂಟು" ಎಂದು ಬೈದುಕೊಂಡು ವರ್ಷವಿಡೀ ಅದೇ ಅನ್ನ ಉಣ್ಣುತ್ತಿದ್ದರು.

"ಅಣ್ಣ ನೋಡ್ತಾರೆ ಅಂತ ಹೆದರಿಕೆಯಾ?" ಎಂದು ನಾನು ಒಂದು ದಿನ ಕೆಣಕಿದೆ.

"ಯಾರಿಗೆ ಹೆದರಿಕೆ? ಹೋಗುವ ಮಾಷ್ಟ್ರೇ. ನಾಡಿದ್ದೇ ಹೋಗುವ!"

ಸಿದ್ಧಕಟ್ಟೆಯ ದಾರಿಯಾಗಿ ಹೋದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಅದೇ ಒಂದು ಆಶ್ಚರ್ಯ. ಮೂಡಬಿದ್ರಿಯ ಮೈದಾನದ ಬದಿಗೆ ಗಾಡಿ ನಿಲ್ಲಿಸಿದಾಗ ಅವರ ಕೈ ಹ್ಯಾಂಡಲನ್ನು ಬಿಡಲಿಲ್ಲ. ಇನ್‌ಸ್ಪೆಕ್ಟರ ಮೇಜಿನ ಪಕ್ಕದ ಕುರ್ಚಿಯಲ್ಲಿ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಶಾಲು ಹಾಕಿದ ಎತ್ತರದ ಒಬ್ಬರು ಕುಳಿತಿದ್ದರು. ಅದೇ ಅಗಲ ಭುಜ, ಅದೇ ಮೂಗು. ಹೇಳಬೇಕಾಗಿಯೇ ಇರಲಿಲ್ಲ. ತಮ್ಮ ಕಾರಿನ ಲೈಸೆನ್ಸು ನವೀಕರಣಕ್ಕೆ ಅವರು ಅವತ್ತೇ ಬಂದಿದ್ದರು.

ಇನ್‌ಸ್ಪೆಕ್ಟರು ನಮ್ಮನ್ನು ಕಂಡು ಎರಡೂ ಕೈ ಎತ್ತಿದರು. "ಬಂದ್ರಾ ಅಮ್ಮಾರ! ಯಜಮಾನ್ರ, ಇವರ ಕಥೀ ನಿಮಗ ಹೇಳಬೇಕ್ರಿ..." ಎಂದವರು ಅರ್ಧಕ್ಕೇ ನಿಲ್ಲಿಸಿ ಆ ಮುಖ ನೋಡಿದರು, ಈ ಮುಖ ನೋಡಿದರು. "ಇವರು ನಿಮಗೇನಾಗಬೇಕ್ರಿ?"

ಅಣ್ಣ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು. ಆಮೇಲೆ, "ತಂಗಿ" ಎಂದರು.

"ಅಯ್ಯ, ಇದನ್ನ ಮೊದಲ ಹೇಳಬಾರದೇನ್ರಿ! ಇಳೀರಿ ಅಮ್ಮಾರ, ಇಳೀರಿ. ಎಂಟೂ ಬ್ಯಾಡ, ಒಂಬತ್ತೂ ಬ್ಯಾಡ. ನೀವು ಪಾಸು. ನಾಲ್ಕನೇ ಊರಾಗ ನಿಮ್ಮನ್ನ ನೋಡೋ ಶಕ್ತಿ ನನಗಿಲ್ಲ."

ಅಷ್ಟು ಹೊತ್ತು ಹ್ಯಾಂಡಲನ್ನೇ ನೋಡುತ್ತಿದ್ದ ನರ್ಸಕ್ಕ ಆಗ ತಲೆ ಎತ್ತಿದರು. "ತಂಗಿ ಅಂತ ಬಾಳೆಲೆ ಹಾಕ್ಲಿಕ್ಕೆ ಇದು ಮದುವೆ ಮನೆಯಾ ಸಾರ್?" ಎಂದರು, ಮೈದಾನಕ್ಕೆಲ್ಲ ಕೇಳುವಂತೆ. "ನಾನು ಎಂಟು ಹಾಕ್ಲಿಕ್ಕೆ ಬಂದವಳು. ಹಾಕಿಯೇ ಹಾಕ್ತೇನೆ. ಬಿದ್ದರೆ ನಾಪಾಸು ಮಾಡಿ."

ಸೆರಗು ಬಿಗಿದು ಹೊರಟರು. ಜಾರುವ ಸಣ್ಣ ಕಲ್ಲುಗಳ ನೆಲ. ಅಣ್ಣ ಕುರ್ಚಿಯಿಂದ 'ಧಡ್' ಎಂದು ಎದ್ದು, ಮೈದಾನಕ್ಕೆ ಬೆನ್ನು ಹಾಕಿ ತಮ್ಮ ಕಾರಿನ ಬಳಿ ಹೋಗಿ, ಶಾಲಿನಿಂದ ಅದರ ಗಾಜು ಒರೆಸಲು ತೊಡಗಿದರು. ಗಾಜು ಚೊಕ್ಕವಾಗಿಯೇ ಇತ್ತು. ತಂಗಿ ಬೀಳುವುದನ್ನು ನೋಡಲಾರದೆಯೋ, ಓಡಿಸುವುದನ್ನು ನೋಡಬಾರದೆಂದೋ, ನನಗೆ ತಿಳಿಯಲಿಲ್ಲ.

ನರ್ಸಕ್ಕ ಮೊದಲ ಕಲ್ಲು ಸುತ್ತಿದರು, ನಡುವೆ ದಾಟಿದರು, ಎರಡನೆಯದನ್ನು ಸುತ್ತಿ, ಶುರು ಮಾಡಿದಲ್ಲಿಗೇ ಬಂದು ಮುಟ್ಟಿದರು. ಅಚ್ಚು ಹಾಕಿದಂಥ ಎಂಟು. ಜನ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು, "ಶಾಬಾಸ್! ಆತು, ಇಳೀರಿ" ಎಂದರು.

"ಆಗ್ಲಿಲ್ಲ ಸಾರ್. ಅಣ್ಣ ನೋಡ್ಲಿಲ್ಲ. ಇನ್ನೊಂದು ಹಾಕ್ತೇನೆ."

ಜನರೆಲ್ಲ ಕಾರಿನ ಕಡೆ ತಿರುಗಿದರು. ಗಾಜು ಒರೆಸುತ್ತಿದ್ದ ಕೈ ನಿಂತಿತು. ಅವರು ಮೆಲ್ಲಗೆ ಇತ್ತ ತಿರುಗಿದರು. ನರ್ಸಕ್ಕ ಇನ್ನೊಂದು ಎಂಟು ಹಾಕಿದರು, ಮೊದಲಿನದಕ್ಕಿಂತ ನಿಧಾನವಾಗಿ, ದೊಡ್ಡದಾಗಿ, ಮನೆಯ ಅಂಗಳದಲ್ಲಿ ರಂಗೋಲಿ ಎಳೆಯುವವರ ಹಾಗೆ. ಮುಗಿಸಿ, ಗಾಡಿಯನ್ನು ಅಣ್ಣನ ಎದುರಿಗೇ ತಂದು ನಿಲ್ಲಿಸಿದರು.

ಅಣ್ಣ ತಂಗಿಯ ಮುಖ ನೋಡಲಿಲ್ಲ. ಮೊಪೆಡ್ಡನ್ನು ನೋಡಿದರು. "ಲೀಟರಿಗೆ ಎಷ್ಟು ಕೊಡ್ತದೆ?" ಎಂದು ಕೇಳಿದರು.

"ಓಡಿಸುವವರ ಮೇಲೆ ಉಂಟು" ಎಂದರು ನರ್ಸಕ್ಕ.

ಅಣ್ಣ ನನ್ನ ಕಡೆ ತಿರುಗಿದರು. "ನೀವು ಮಾಷ್ಟ್ರು ಅಲ್ವಾ? ಊಟದ ಹೊತ್ತಾಯ್ತು. ಮನೆ ಇಲ್ಲೇ ತೋಡಾರಿನಲ್ಲಿ. ಊಟ ಮಾಡಿ ಹೋಗಿ."

ನನ್ನನ್ನು ಕರೆದದ್ದು! ನನ್ನ ಬಳಿ ಗಾಡಿ ಎಲ್ಲಿದೆ? ನಾನು ನರ್ಸಕ್ಕನನ್ನು ನೋಡಿದೆ. ಅವರು ಆಕಾಶ ನೋಡುತ್ತ, "ಮಾಷ್ಟ್ರಿಗೆ ಹಸಿವು ತಡೀಲಿಕ್ಕೆ ಆಗುವುದಿಲ್ಲ. ಬೇಕಾದರೆ ಮನೆಯವರೆಗೆ ಬಿಟ್ಟು ಬರ್ತೇನೆ" ಎಂದರು. ನನಗೆ ಹಸಿವೆ ಇದೆಯೇ ಇಲ್ಲವೇ ಎಂದು ಅಣ್ಣತಂಗಿಯರಲ್ಲಿ ಯಾರೂ ಕೇಳಲಿಲ್ಲ.

ಕಾರು ಮುಂದೆ ಹೊರಟಿತು, ನಾವು ಹಿಂದೆ. ಅಣ್ಣ ಅಷ್ಟು ನಿಧಾನ ಕಾರು ಬಿಟ್ಟದ್ದನ್ನು ಆ ರಸ್ತೆ ಕಂಡಿರಲಿಕ್ಕಿಲ್ಲ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಮಂಗಳೂರು ದಾರಿಯ ನೆಟ್ಟಗಿನ ಜಾಗ ಬಂದಾಗ ನರ್ಸಕ್ಕ ಹಾರ್ನ್ ಹೊಡೆದರು. ಕಾರಿನ ಬಲಗಡೆಯ ಕಿಟಕಿಯಿಂದ ಬಿಳಿ ತೋಳಿನ ಕೈಯೊಂದು ಹೊರಗೆ ಬಂದು, ಮುಂದೆ ಹೋಗು, ಹೋಗು ಎಂದು ಬೀಸಿತು. ನರ್ಸಕ್ಕ ಎಂಜಿನನ್ನು ಜೋರು ಮಾಡಿ ಕಾರನ್ನು ದಾಟಿದರು. ನಾನು ಮದ್ದಿನ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗಾಳಿಗೆ ಅವರ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ಮುಂದೆ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಕಾಣುತ್ತಿರಲಿಲ್ಲ.

ಮನೆಯ ಗೇಟಿನ ಎದುರು ಗಾಡಿ ನಿಂತಿತು. ಒಳಗೆ ದೊಡ್ಡ ಅಂಗಳ, ಅದರಾಚೆ ಚಾವಡಿ. ನರ್ಸಕ್ಕ ಗೇಟಿನೊಳಕ್ಕೆ ಹೋಗಲಿಲ್ಲ.

"ಇಳೀರಿ ಮಾಷ್ಟ್ರೇ. ಕರ್ದದ್ದು ನಿಮ್ಮನ್ನು. ಹೋಗಿ ಊಟ ಮಾಡಿ ಬನ್ನಿ. ನಾನು ಇಲ್ಲಿ ನಿಲ್ತೇನೆ."

ಬೇಡ ಎಂದು ನಾನು ಹೇಳುತ್ತಿರುವಾಗಲೇ ಕಾರು ಬಂತು. ಗೇಟಿಗೆ ಸರಿಯಾಗಿ ಅಡ್ಡ ನಿಂತಿತ್ತು ಮೊಪೆಡ್. ಅಣ್ಣ ಒಂದು ಸಲ ಹಾರ್ನ್ ಹೊಡೆದರು. ನರ್ಸಕ್ಕ ಕದಲಲಿಲ್ಲ. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿದರು.

"ದಾರಿಯಲ್ಲಿ ಯಾಕೆ ನಿಲ್ಲಿಸಿದ್ದು? ಒಳಗೆ ಬರ್ಲಿ."

"ಯಾರು ಬರಬೇಕಾದ್ದು?" ಎಂದರು ನರ್ಸಕ್ಕ, ತಿರುಗದೆ. "ಗಾಡಿಯಾ, ನಾನಾ?"

ಅಣ್ಣ ಎಂಜಿನು ಬಂದ್ ಮಾಡಿದರು. ಕಾರಿನಿಂದ ಇಳಿದು ಬಂದು ತಾವೇ ಗೇಟಿನ ಇನ್ನೊಂದು ಬಾಗಿಲನ್ನೂ ಪೂರ್ತಿ ತೆರೆದರು.

"ಎರಡೂ" ಎಂದರು.

ನರ್ಸಕ್ಕ ಗಾಡಿಯಿಂದ ಇಳಿದರು. ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಸರಿಯಾಗಿ ಹೊದ್ದುಕೊಂಡು, ಮೊಪೆಡ್ಡನ್ನು ತಳ್ಳಿಕೊಂಡು ಅಂಗಳದೊಳಗೆ ಹೋದರು.